ಮುನ್ಯಾಕ್‌ನ ದನಿ

ಆಗಸ್ಟ್ 3

ಬೆಳಗಿನ ಜಾವ ಲೆಂಗಾಯ್ ಹೊಳೆಯಾಚೆಯಿಂದ ಕೂಗಿದ. ಒಂದು ಸಲ ಕೂಗಿ ನಿಲ್ಲಿಸಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಿ ನಿಲ್ಲಿಸಿದ. ಆ ನಿಲ್ಲಿಸುವ ಜಾಗದಲ್ಲಿ ಅವನ ಅಣ್ಣ ಮುನ್ಯಾಕ್ ದನಿ ಸೇರಿಸುತ್ತಿದ್ದ. ಇಬ್ಬರೂ ಇಲ್ಲಿನ ಗಂಡುಸಿಂಹಗಳು. ಮುನ್ಯಾಕ್ ಸತ್ತು ಮೂರು ವಾರವಾಯಿತು. ಇವನು ಇನ್ನೂ ಜಾಗ ಬಿಟ್ಟುಕೊಂಡೇ ಕೂಗುತ್ತಿದ್ದಾನೆ.

ಸಿಂಹಗಳ ಜಾಡು ಹಿಡಿದು ನಡೆಯುವುದು, ಅವು ಎಲ್ಲಿವೆ ಎಂದು ಹಟ್ಟಿಗಳಿಗೆ ಹೇಳುವುದು, ದನ ಕಳೆದುಕೊಂಡು ಈಟಿ ಹಿಡಿದು ಹೊರಟವರನ್ನು ತಡೆದು ಕೂರಿಸುವುದು. ಹನ್ನೊಂದು ವರ್ಷ ಇದು ನನ್ನ ಮತ್ತು ಮೆಪುಕೊರಿಯ ಕೆಲಸವಾಗಿತ್ತು. ಜುಲೈಯಲ್ಲಿ ಮುನ್ಯಾಕ್ ಮೆಪುಕೊರಿಯ ಹಟ್ಟಿಯ ಮುಳ್ಳುಬೇಲಿ ಹಾರಿ ಒಂದು ಹಸು ಕೊಂದ. ಬೆಳಗಾದ ಮೇಲೆ ಮೆಪುಕೊರಿಯೇ ಈಟಿ ತೆಗೆದುಕೊಂಡು ಹೋಗಿ ಅವನನ್ನು ಕೊಂದ. ಎಷ್ಟೋ ಜನರ ಕೈಯಿಂದ ಈಟಿ ಕಿತ್ತುಕೊಂಡವನು ಅವನು. ನನಗೆ ಒಂದು ಫೋನ್ ಕೂಡ ಮಾಡಲಿಲ್ಲ. ಸಿಂಹ ಸಂರಕ್ಷಣೆಯ ಆಫೀಸಿನವರು ಅವನನ್ನು ಕೆಲಸದಿಂದ ತೆಗೆದರು, ಹಿರಿಯರು ಹೋರಿಯ ದಂಡ ಹಾಕಿದರು. ಆಮೇಲೆ ನಾನು ಅವನ ಹಟ್ಟಿಯ ಕಡೆ ಹೋಗಿಲ್ಲ. ಹೋಗುವ ಕಾರಣ ಇಲ್ಲ.

ಅವನ ಹೆಸರು ಬರೆಯುವುದು ಕೈಗೆ ಹೊಸದು. ನಾವಿಬ್ಬರೂ ಒಂದೇ ವಾರಿಗೆಯವರು, ಒಟ್ಟಿಗೆ ಈಟಿ ಹಿಡಿದು ಬೆಳೆದವರು. ಆಗ ನಾನು ಅವನಿಗೆ ಒಂದು ಹೆಣ್ಣುಕರು ಕೊಟ್ಟಿದ್ದೆ. ಕರು ಕೊಟ್ಟವನೂ ಪಡೆದವನೂ ಒಬ್ಬರನ್ನು ಇನ್ನೊಬ್ಬರು ಹೆಸರು ಹಿಡಿದು ಕರೆಯುವಂತಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಪಾಶೆ, ಅಂದರೆ ಕರು. ಈಗ ಅದು ಬೇಡ. ಮೆಪುಕೊರಿ ಎಂದೇ ಬರೆಯುತ್ತೇನೆ.

ಮಧ್ಯಾಹ್ನ ಜಾಲಿಯ ನೆರಳಲ್ಲಿ ಕೂತು ಹಾಲಿನ ಸೋರೆಬುರುಡೆಯನ್ನು ಒಬ್ಬನೇ ಖಾಲಿ ಮಾಡಿದೆ. ಈಟಿ ಹಿಡಿದು ತಿರುಗುವ ವಯಸ್ಸಿನಲ್ಲಿ ಒಬ್ಬನೇ ಹಾಲು ಕುಡಿಯುವಂತಿಲ್ಲ, ಜೊತೆಗಾರ ಬರುವವರೆಗೆ ಹಸಿದುಕೊಂಡೇ ಇರಬೇಕು. ಆ ಕಟ್ಟಳೆ ನಮ್ಮ ಮೇಲಿಂದ ಇಳಿದು ಹದಿನೈದು ವರ್ಷವಾಗಿದೆ. ನಾವು ಅಭ್ಯಾಸ ಬಿಟ್ಟಿರಲಿಲ್ಲ, ಅಷ್ಟೆ. ಹಾಲು ಸ್ವಲ್ಪ ಹೆಚ್ಚಾಯಿತು. ಹೊಟ್ಟೆ ಭಾರ.

ಆಗಸ್ಟ್ 6

ದಕ್ಷಿಣದ ಉಪ್ಪುನೆಲದಲ್ಲಿ ಎರಡು ಗಂಡುಗಳ ಹೆಜ್ಜೆ. ನಮ್ಮವಲ್ಲ. ಗಡಿಯಾಚೆಯಿಂದ ಬಂದಿರಬೇಕು. ಹಿಂಡಿನಿಂದ ಹೊರಬಿದ್ದು ಜಾಗ ಹುಡುಕುತ್ತಿರುವ ವಯಸ್ಸಿನವು. ಆಫೀಸಿಗೆ, ಕಿಲೊಂಜೊಗೆ ಫೋನ್ ಮಾಡಿದೆ.

"ಎರಡಾ? ಸರಿಯಾಗಿ ನೋಡಿದ್ಯಾ?"

"ಒಂದರ ಹಿಂಗಾಲು ಹೊರಗೆ ತಿರುಗಿದೆ, ಇನ್ನೊಂದರದು ನೆಟ್ಟಗಿದೆ. ಒಂದೇ ಸಿಂಹ ಎರಡು ಥರ ನಡೆಯಲ್ಲ."

"ಸಿಂಹಗಳ ಜಗಳದಲ್ಲಿ ನಾವು ಕೈ ಹಾಕೋದಿಲ್ಲ ಸಿರೊಂಕಾ. ನೋಡೋದು, ಬರೆಯೋದು, ಅಷ್ಟೇ."

"ಮುನ್ಯಾಕ್‌ನ ಕೊಂದಿದ್ದು ಸಿಂಹ ಅಲ್ಲವಲ್ಲ."

ಅವನು ಮಾತು ಬದಲಿಸಿ, "ಮುಂದಿನ ತಿಂಗಳು ನಿನಗೊಬ್ಬ ಜೊತೆಗಾರನ್ನ ಕೊಡ್ತೀನಿ" ಅಂದ.

ಬೇಡ ಅಂದೆ.

ಜವುಗಿನಲ್ಲಿ ಲೆಂಗಾಯ್ ಕಾಯುವ ಹಿಂಡಿನಲ್ಲಿ ನಾದೊ ಸೇರಿ ನಾಲ್ಕು ಹೆಣ್ಣು, ಐದು ಮರಿ. ಮರಿಗಳಿಗೆ ಇನ್ನೂ ವರ್ಷ ತುಂಬಿಲ್ಲ. ಹೊಸ ಗಂಡುಗಳು ಬಂದರೆ ಮೊದಲು ಮಾಡುವ ಕೆಲಸ ಹಳಬರ ಮರಿಗಳನ್ನು ಮುಗಿಸುವುದು. ಮರಿ ಇರುವವರೆಗೆ ತಾಯಂದಿರು ಬೆದೆಗೆ ಬರುವುದಿಲ್ಲ. ಇದರಲ್ಲಿ ಸಿಟ್ಟೇನೂ ಇಲ್ಲ, ಅವುಗಳ ಬದುಕು ಇರುವುದೇ ಹಾಗೆ. ಇನ್ನೊಂದು ವರ್ಷ ಲೆಂಗಾಯ್ ಜಾಗ ಹಿಡಿದುಕೊಂಡರೆ ಮರಿಗಳು ಓಡಿ ಬದುಕುವಷ್ಟು ದೊಡ್ಡವಾಗುತ್ತವೆ. ಆದರೆ ಒಬ್ಬ ಗಂಡು ಇಬ್ಬರ ಎದುರು ಒಂದು ವರ್ಷ ನಿಲ್ಲುವುದಿಲ್ಲ. ನಾನು ನೋಡಿಲ್ಲ.

ಆಗಸ್ಟ್ 9

ಸಿಂಹಗಳಿಗೆ ಎಣಿಕೆ ಗೊತ್ತು. ಎಷ್ಟು ದನಿ ಕೂಗುತ್ತಿವೆ ಎಂದು ಕಿವಿಗೊಟ್ಟು, ತಮಗಿಂತ ಹೆಚ್ಚಿದ್ದರೆ, ಸಮ ಇದ್ದರೂ, ಹೊರಗಿನವು ಸುಲಭಕ್ಕೆ ನುಗ್ಗುವುದಿಲ್ಲ. ಗಣತಿಯ ಸ್ಪೀಕರ್ ನನ್ನ ಮನೆಯಲ್ಲೇ ಇದೆ. ಕಾಡೆಮ್ಮೆ ಕರುವಿನ ಅರಚಾಟ ಹಾಕಿ ಸಿಂಹಗಳನ್ನು ಕರೆಸಿ ಎಣಿಸುವುದಕ್ಕೆ ಕೊಟ್ಟದ್ದು. ಮುನ್ಯಾಕ್‌ನ ಗರ್ಜನೆಯೂ ನನ್ನ ಫೋನಿನಲ್ಲಿದೆ. ನಾಲ್ಕು ವರ್ಷದ ಹಿಂದೆ ಹೊಳೆಯ ದಡದಲ್ಲಿ ಬೋರಲು ಮಲಗಿ ರೆಕಾರ್ಡ್ ಮಾಡಿದ್ದು.

ಇವತ್ತು ಅದನ್ನು ಪೂರ್ತಿ ಕೇಳಿದೆ. ಕೊನೆಯಲ್ಲಿ ಮುನ್ಯಾಕ್ ಏದುಸಿರು ಬಿಟ್ಟು ನಿಲ್ಲಿಸಿದ ಮೇಲೆ ಮೆಪುಕೊರಿಯ ಪಿಸುದನಿ ಇದೆ. "ಬಂತಾ, ಪಾಶೆ?"

ಅಲ್ಲಿಗೆ ಬರುವ ಮೊದಲೇ ನಿಲ್ಲಿಸಬೇಕು.

ಆಗಸ್ಟ್ 11

ಜವುಗಿನ ಪಕ್ಕದಿಂದ, ನಸುಕಿನಲ್ಲಿ ಸ್ಪೀಕರಿಗೆ ಆ ಗರ್ಜನೆ ಹಾಕಿದೆ. ಲೆಂಗಾಯ್ ದೂರದಲ್ಲಿದ್ದ. ಕೂಗಿದ, ಜಾಗ ಬಿಟ್ಟ. ಆ ಜಾಗದಲ್ಲಿ ಮುನ್ಯಾಕ್ ಕೂಗಿದ. ಲೆಂಗಾಯ್ ತುಂಬ ಹೊತ್ತು ಸುಮ್ಮನಾಗಿಬಿಟ್ಟ. ಆಮೇಲೆ ಕೂಗಿದ್ದು ಎಂದಿನ ಕೂಗಲ್ಲ.

ಉಪ್ಪುನೆಲದ ಹೆಜ್ಜೆಗಳು ದಕ್ಷಿಣಕ್ಕೆ ತಿರುಗಿವೆ. ಕೆಲಸ ಮಾಡುತ್ತದೆ.

ಆಗಸ್ಟ್ 15

ಸ್ಪೀಕರನ್ನು ಕಲ್ಲುದಿಬ್ಬಕ್ಕೆ ಬದಲಾಯಿಸಿದೆ. ಜವುಗಿನ ಪಕ್ಕ ತಗ್ಗು, ದನಿ ಮರಗಳಲ್ಲೇ ಕಳೆದುಹೋಗುತ್ತದೆ. ಕಲ್ಲುದಿಬ್ಬ ಎತ್ತರ. ಅದರ ಕೆಳಗೆ ಮೆಪುಕೊರಿಯ ಹಟ್ಟಿ ಇದೆ, ಆದರೆ ದಿಬ್ಬ ಇರುವುದೇ ಅಲ್ಲಿ.

ಆಗಸ್ಟ್ 16

ಕಲ್ಲುದಿಬ್ಬ. ಗಾಳಿ ಉತ್ತರಕ್ಕಿತ್ತು. ಸ್ಪೀಕರಿನ ಮುಖವನ್ನು ಸ್ವಲ್ಪ ಹಟ್ಟಿಯ ಕಡೆ ತಿರುಗಿಸಬೇಕಾಯಿತು.

ಆಗಸ್ಟ್ 21

ದಿನಾ ನಸುಕಿಗೆ ಮುಂಚೆ ಎದ್ದು, ಆ ಭಾರ ಬೈಕಿಗೆ ಕಟ್ಟಿಕೊಂಡು ಹೋಗಿ, ಬಿಸಿಲೇರಿದ ಮೇಲೆ ಜಾಡು ನೋಡಲು ನಡೆದು, ಸಂಜೆ ಬರುತ್ತೇನೆ. ಸೊಂಟ ಹಿಡಿದುಕೊಂಡಿದೆ. ಹೆಂಡತಿ ರೆಸಿಯಾತೊ ಉಗಾಲಿ ಮುದ್ದೆ ಮುಂದಿಟ್ಟು ನನ್ನನ್ನೇ ನೋಡುತ್ತ ಕೂತಳು.

"ಕೊಯ್ಕಾನ ಅಪ್ಪಾ, ಆ ದಿಬ್ಬನೇ ಯಾಕೆ? ಜಾಲಿದಿಬ್ಬ ಇಲ್ವಾ?"

"ಜಾಲಿದಿಬ್ಬ ಹೊಳೆಯಿಂದ ದೂರ."

"ಸಿಂಹಕ್ಕೆ ಹೊಳೆ ಎಷ್ಟು ದೂರ ಅಂತ ನನಗೆ ಗೊತ್ತಿಲ್ಲಪ್ಪ. ಕಲ್ಲುದಿಬ್ಬದಿಂದ ಮೆಪುಕೊರಿ ಮನೆ ಎಷ್ಟು ದೂರ ಅಂತ ಗೊತ್ತು. ಅವರ ಮನೇಲಿ ಕೆಮ್ಮಿದ್ರೆ ದಿಬ್ಬದ ಮೇಲೆ ಕೇಳುತ್ತೆ."

ದನಿ ಹೇಗೆ ಸಾಗುತ್ತದೆ ಎಂದು ಇವಳಿಗೆ ಹೇಳಿ ಪ್ರಯೋಜನವಿಲ್ಲ. ಊಟ ಅರ್ಧಕ್ಕೆ ಬಿಟ್ಟೆ. ಇತ್ತೀಚೆಗೆ ಯಾವುದೂ ರುಚಿಸುವುದಿಲ್ಲ. ಉರಿಬಿಸಿಲಿಗೆ ಹೀಗಾಗುತ್ತದೆ.

ಆಗಸ್ಟ್ 24

ಇವತ್ತು ಲೆಂಗಾಯ್ ದಿಬ್ಬದ ಬುಡಕ್ಕೇ ಬಂದ. ನಾನು ಮೇಲಿನ ಬಂಡೆಯ ಮೇಲಿದ್ದೆ. ಸ್ಪೀಕರ್ ಕೆಳಗೆ, ಉದ್ದ ತಂತಿಯ ತುದಿಯಲ್ಲಿ. ಅವನು ಪೊದೆಗಳ ನಡುವೆ ಮೂಸುತ್ತ ಓಡಾಡಿದ. ಗಾಳಿಯಲ್ಲಿ ಅಣ್ಣನ ವಾಸನೆ ಇಲ್ಲ, ದನಿ ಮಾತ್ರ ಇದೆ. ಪಕ್ಕೆಲುಬು ಕಾಣುತ್ತಿವೆ. ಬೇಟೆಯ ಹತ್ತಿರ ಇದ್ದು ಹೆಣ್ಣುಗಳಿಂದ ಪಾಲು ಕಿತ್ತುಕೊಂಡು ತಿನ್ನಬೇಕಾದವನು ಬೆಳಗಾದರೆ ಇಲ್ಲಿಗೆ ನಡೆದು ಬರುತ್ತಿದ್ದಾನೆ. ಜವುಗಿಗೂ ಇಲ್ಲಿಗೂ ಒಳ್ಳೆಯ ದೂರ.

ಇದು ನಾನು ಎಣಿಸಿದ್ದಲ್ಲ.

ಆದರೂ ಹೊರಗಿನ ಎರಡು ಇನ್ನೂ ದಕ್ಷಿಣದಲ್ಲೇ ಇವೆ. ನಿಲ್ಲಿಸಿದರೆ ಬರುತ್ತವೆ. ನಿಲ್ಲಿಸಲು ಆಗುವುದಿಲ್ಲ.

ಆಗಸ್ಟ್ 29

ಮೆಪುಕೊರಿಯ ಹೆಂಡತಿ ನೋಲಾರಿ ಬಂದಿದ್ದಳು. ರೆಸಿಯಾತೊ ಚಹಾ ಕೊಟ್ಟು, ಮೇಕೆಗಳನ್ನು ನೋಡಬೇಕೆಂದು ಹೊರಗೆ ಹೋದಳು. ಮೇಕೆಗಳು ಬೆಳಿಗ್ಗೆಯೇ ಮೇಯಲು ಹೋಗಿದ್ದವು.

"ಕೊಯ್ಕಾನ ಅಪ್ಪಾ, ಒಂದು ಮಾತು ಕೇಳ್ತೀನಿ, ನಗಬಾರದು. ಸಿಂಹ ಸತ್ತ ಮೇಲೂ ಕೂಗುತ್ತಾ?"

ನಾನು ನಗಲಿಲ್ಲ.

"ನಮ್ಮವರು ಹದಿನೈದು ದಿನದಿಂದ ಹಾಲು ಮುಟ್ಟಿಲ್ಲ. ನಸುಕಲ್ಲೇ ಎದ್ದು ಬೇಲಿ ಹತ್ತಿರ ಕೂತ್ಕೋತಾರೆ. ಅದು ಮುನ್ಯಾಕ್‌ದೇ ದನಿ ಅಂತಾರೆ. ನನಗೆ ಎಲ್ಲಾ ಸಿಂಹನೂ ಒಂದೇ ಥರ ಕೇಳುತ್ತೆ. ಅವರಿಗೆ ಹಂಗಲ್ಲ, ನಿಮಗೆ ಗೊತ್ತಲ್ಲ."

"ಗೊತ್ತು."

"ನೀವು ಒಂದು ಸಲ ಬಂದು, ಅದಲ್ಲ ಅಂತ ಹೇಳಿದ್ರೆ ನಂಬ್ತಾರೆ. ಬೇರೆ ಯಾರು ಹೇಳಿದ್ರೂ ನಂಬಲ್ಲ."

ಕೆಲಸ ತುಂಬ ಇದೆ ಅಂದೆ. ಅವಳು ಲೋಟ ಕೆಳಗಿಟ್ಟು ಎದ್ದಳು. ಬಾಗಿಲಲ್ಲಿ ನಿಂತು, "ಸತ್ತ ಹಸು ಯಾವುದು ಅಂತ ನೀವು ಕೇಳಲೇ ಇಲ್ಲ" ಅಂದಳು.

ಒಂದು ಹಸು ಎಂದು ವರದಿಯಲ್ಲಿತ್ತು. ನಾನು ಓದಿದ್ದು ಅಷ್ಟೆ.

"ನೀವು ಕೊಟ್ಟ ಕರುವಿನ ಮೊಮ್ಮಗಳು. ಹೊಟ್ಟೆ ಬೆಳ್ಳಗಿತ್ತಲ್ಲ, ಅದು. ಹಿಂದಿನ ಸಲ ಮಳೆ ಕೈಕೊಟ್ಟಾಗ ಆ ಪೀಳಿಗೇಲಿ ಉಳಿದವೆಲ್ಲ ಸತ್ತವು, ಅದೊಂದೇ ಉಳಿದಿತ್ತು. ಗಬ್ಬ ಆಗಿತ್ತು. ಆ ಬೆಳಿಗ್ಗೆ ನಮ್ಮವರು ಅದರ ತಲೆ ತೊಡೆ ಮೇಲೆ ಇಟ್ಕೊಂಡು, ನಿಮ್ಮ ಬಗ್ಗೆ, ಇನ್ನು ಅವನನ್ನ ಏನಂತ ಕರೀಲಿ ಅಂದ್ರು. ಆಮೇಲೆ ಎದ್ದು ಈಟಿ ತಗೊಂಡ್ರು. ನಾನು ತಡೀಲಿಲ್ಲ. ಅದೂ ನನ್ನ ತಪ್ಪೇ ಅನ್ನಿ."

ಅವಳು ಹೋದ ಮೇಲೆ ಸಂಜೆಯವರೆಗೆ ಏನು ಮಾಡಿದೆ ಎಂದು ನೆನಪಿಲ್ಲ. ಬೈಕಿನ ಚೈನಿಗೆ ಎಣ್ಣೆ ಹಾಕಿದೆ.

ನಾಳೆಯಿಂದ ಜಾಲಿದಿಬ್ಬ ನೋಡಬೇಕು.

ಆಗಸ್ಟ್ 31

ಹೊರಗಿನ ಎರಡೂ ಮತ್ತೆ ಉಪ್ಪುನೆಲಕ್ಕೆ ಬಂದಿವೆ, ಮಲ ಹಸಿಯಾಗಿದೆ. ಈಗ ಜಾಗ ಬದಲಾಯಿಸುವುದು ಸರಿಯಲ್ಲ. ಇನ್ನೊಂದು ದಿನ ಕಲ್ಲುದಿಬ್ಬ. ನಿನ್ನೆಯೂ ಹೀಗೇ ಅಂದುಕೊಂಡಿದ್ದೆ.

ನಿದ್ದೆ ಸರಿಯಾಗಿ ಬರುತ್ತಿಲ್ಲ. ಮಲಗಿದರೆ ಎಚ್ಚರ, ಕೂತರೆ ತೂಕಡಿಕೆ.

ಸೆಪ್ಟೆಂಬರ್ 1

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಸುಕಿನಲ್ಲಿ ಬಂಡೆಯ ಮೇಲೆ ಕೂತು ಗರ್ಜನೆ ಹಾಕಿದೆ. ಬೆನ್ನಿಗೆ ಕಲ್ಲು ತಂಪಾಗಿತ್ತು. ಕಣ್ಣು ಮುಚ್ಚಿದ್ದು ಗೊತ್ತಾಗಲಿಲ್ಲ. ಎಚ್ಚರವಾದದ್ದು ಮೆಪುಕೊರಿಯ ದನಿಗೆ. ಪಿಸುದನಿ, ಆದರೆ ಸ್ಪೀಕರಿನಲ್ಲಿ, ಇಡೀ ಬಯಲಿಗೆ ಕೇಳುವಷ್ಟು ದೊಡ್ಡದಾಗಿ. "ಬಂತಾ, ಪಾಶೆ?"

ತಡಬಡಿಸಿ ನಿಲ್ಲಿಸಿದೆ. ಕೆಳಗೆ ಹಟ್ಟಿಯಲ್ಲಿ ನಾಯಿಗಳು ಬೊಗಳಿದವು, ಆಮೇಲೆ ಸುಮ್ಮನಾದವು. ಬೇಲಿಯ ಬಾಗಿಲು ತೆರೆದು ಒಬ್ಬ ಮನುಷ್ಯ ಹೊರಬಂದ. ಕೈಯಲ್ಲಿ ಕೋಲು ಮಾತ್ರ. ಅವಸರವಿಲ್ಲದೆ ದಿಬ್ಬ ಹತ್ತಿದ. ಹತ್ತುವಷ್ಟು ಹೊತ್ತು ನನಗೆ ಎದ್ದು ಹೋಗುವ ಸಮಯ ಇತ್ತು. ಹೋಗಲಿಲ್ಲ.

ಮೆಪುಕೊರಿ ಬಂದು ಬಂಡೆಯ ಮೇಲೆ ಕೂತ. ಕೆನ್ನೆ ಒಳಗೆ ಹೋಗಿವೆ. ಸ್ಪೀಕರ್ ನೋಡಿದ, ತಂತಿ ನೋಡಿದ, ನನ್ನ ಫೋನ್ ನೋಡಿದ.

"ನನ್ನ ದನಿ ನನಗೆ ಗೊತ್ತಾಗಲ್ವಾ" ಅಂದ.

"ನಿದ್ದೆ ಬಂದ್ಬಿಡ್ತು."

"ನಿಂದು ಯಾವಾಗ್ಲೂ ಅದೇ. ನಿನ್ನ ಕಾವಲಿಗೆ ಕೂರಿಸಿದ್ರೆ ಕತ್ತೆಕಿರುಬ ಬಂದು ಕಾಲಿನ ಚಪ್ಪಲಿ ಬಿಚ್ಕೊಂಡು ಹೋಗುತ್ತೆ."

"ಹೋಗಿದ್ದು ಒಂದೇ ಚಪ್ಪಲಿ."

"ಒಂದೇ. ಹೌದು. ಇನ್ನೊಂದು ನಾನು ಕಾಯ್ದೆ."

ಬೆಳಕು ಹರಿಯುತ್ತಿತ್ತು.

"ಈ ದಿಬ್ಬನೇ ಯಾಕೆ?" ಎಂದು ಕೇಳಿದ.

"ಇಲ್ಲಿಂದ ದನಿ ಚೆನ್ನಾಗಿ ಹೋಗುತ್ತೆ."

"ಹೋಗುತ್ತೆ, ಹೋಗುತ್ತೆ" ಅಂದ. ನನ್ನ ಮುಖ ನೋಡಲಿಲ್ಲ. "ಈಟಿ ಒಳಗೆ ಹೋಗಿದ್ದು ಈ ಕೈಗೇ ಗೊತ್ತಾಗಿದೆ. ಉಸಿರು ನಿಂತಿದ್ದು ನೋಡಿದೀನಿ. ಆದರೂ ಬೆಳಿಗ್ಗೆ ಅವನ ದನಿ ಕೇಳಿದ್ರೆ ಏನಂತ ತಿಳ್ಕೊಳ್ಳೋದು? ಮೊದಲನೇ ದಿನ ಖುಷಿ ಆಯ್ತು ಕಣೋ. ಸತ್ತಿಲ್ಲ, ನಾನು ಏನೂ ಮಾಡಿಲ್ಲ ಅನ್ನಿಸ್ತು. ಆಮೇಲೆ ದಿನಾ ಕೇಳೋಕೆ ಶುರುವಾಯ್ತಲ್ಲ, ಆಗ ಖುಷಿ ಆಗಲಿಲ್ಲ."

ನಾನು ಏನೋ ಹೇಳಬೇಕೆಂದಿದ್ದೆ. ಅವನು ಕೈ ಎತ್ತಿ ತಡೆದ. ಕೆಳಗೆ ಲೆಂಗಾಯ್ ಬಂದಿದ್ದ.

ನೇರ ಸ್ಪೀಕರಿನ ಹತ್ತಿರ ಹೋದ. ಮೂಸಿದ. ಆಮೇಲೆ ತಲೆ ಬಗ್ಗಿಸಿ, ಅಣ್ಣನ ಕುತ್ತಿಗೆಗೆ ಉಜ್ಜುತ್ತಿದ್ದ ಹಾಗೆ ಹಣೆಯನ್ನು ಪೆಟ್ಟಿಗೆಗೆ ಉಜ್ಜಿದ. ಪೆಟ್ಟಿಗೆ ಮಗುಚಿಬಿತ್ತು. ಅವನು ಬೆದರಲಿಲ್ಲ. ಅದರ ಪಕ್ಕದಲ್ಲೇ, ಬೆನ್ನು ತಾಗಿಸಿ ಮಲಗಿಕೊಂಡ.

ಮೆಪುಕೊರಿ ಕೆಂಪು ಹೊದಿಕೆಯನ್ನು ಬಾಯಿಗೆ ಒತ್ತಿಹಿಡಿದು ಕೂತಿದ್ದ.

ಆಗಲೇ ಜವುಗಿನ ಕಡೆಯಿಂದ ಸದ್ದು ಕೇಳಿದ್ದು. ಹೆಣ್ಣುಗಳು ಜಗಳಕ್ಕೆ ನಿಂತಾಗ ಬರುವ ಸದ್ದು, ಅದರ ಜೊತೆಗೆ ಗುರುತಿಲ್ಲದ ಎರಡು ದಪ್ಪ ದನಿ. ಲೆಂಗಾಯ್ ತಲೆ ಎತ್ತಿದ. ಎದ್ದು ಓಡಿದ. ಅವನು ಓಡಬೇಕಾದ ದೂರ ನಮ್ಮಿಬ್ಬರಿಗೂ ಗೊತ್ತಿತ್ತು.

ಇಬ್ಬರೂ ಬೈಕಿನಲ್ಲಿ ಸುತ್ತು ದಾರಿ ಹಿಡಿದು ಹೋಗುವಷ್ಟರಲ್ಲಿ ಬಿಸಿಲು ಬಂದಿತ್ತು. ಜೊಂಡಿನ ಅಂಚಿನಲ್ಲಿ ಮೂರು ಮರಿಗಳು. ಕುತ್ತಿಗೆಯಲ್ಲಿ, ತಲೆಯಲ್ಲಿ ಕಚ್ಚಿದ ಗುರುತು. ತಿಂದಿಲ್ಲ. ನಾದೊ ಮತ್ತು ಉಳಿದವರು ಕಾಣಲಿಲ್ಲ. ಲೆಂಗಾಯ್‌ನ ರಕ್ತದ ಜಾಡು ಪಶ್ಚಿಮಕ್ಕೆ ಹೋಗಿದೆ.

ಮೆಪುಕೊರಿ ಒಂದು ಮರಿಯನ್ನು ತಿರುಗಿಸಿ ನೋಡಿ, ಮತ್ತೆ ಇದ್ದ ಹಾಗೇ ಮಲಗಿಸಿದ.

ಸೆಪ್ಟೆಂಬರ್ 2

ಕಿಲೊಂಜೊ ವರದಿ ಕೇಳಿದ. ಹೊರಗಿನ ಎರಡು ಗಂಡು ಬಂದವು, ಹಿಂಡಿನ ಗಂಡು ದೂರದಲ್ಲಿತ್ತು, ಮೂರು ಮರಿ ಸತ್ತಿವೆ ಎಂದು ಕಳಿಸಿದೆ. ಅದರಲ್ಲಿ ಸುಳ್ಳಿಲ್ಲ.

ಸೆಪ್ಟೆಂಬರ್ 3

ಸ್ಪೀಕರನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ.

ಸೆಪ್ಟೆಂಬರ್ 6

ನಾದೊಳನ್ನು ಹುಡುಕಲು ಹೊರಟೆ. ಹೊಳೆಯ ದಾಟಿನಲ್ಲಿ ಮೆಪುಕೊರಿ ನಿಂತಿದ್ದ.

"ಮೇಕೆ ಒಂದು ತಪ್ಪಿಸ್ಕೊಂಡಿದೆ, ಹುಡುಕ್ತಿದೀನಿ" ಅಂದ.

"ಯಾವ ಬಣ್ಣದ್ದು?"

"ಸಿಕ್ಕಿದ ಮೇಲೆ ನೋಡಿ ಹೇಳ್ತೀನಿ."

ನನ್ನ ಮುಂದೆ ನಡೆದ. ಜಾಡು ನೋಡುವುದರಲ್ಲಿ ಅವನು ಮುಂದೆ, ನಾನು ಹಿಂದೆ, ಮೊದಲಿನಿಂದಲೂ ಹಾಗೆಯೇ. ಇಡೀ ದಿನ ನಡೆದೆವು. ಸಂಜೆ ಹತ್ತಿರವಾದಾಗ, ಬೆಟ್ಟದ ತಪ್ಪಲಿನ ಒಣಹಳ್ಳದಲ್ಲಿ ನಾದೊ ಸಿಕ್ಕಳು. ಜೊತೆಗೆ ಇನ್ನೊಬ್ಬ ಹೆಣ್ಣು. ನಡುವೆ ಎರಡು ಮರಿ. ಉಳಿದಿಬ್ಬರು ಹೊಸ ಗಂಡುಗಳ ಜೊತೆ ಜವುಗಿನಲ್ಲೇ ನಿಂತಿದ್ದಾರೆ. ಮರಿ ಹೋದವರು ನಿಂತಿದ್ದಾರೆ, ಮರಿ ಉಳಿದವರು ಜಾಗ ಬಿಟ್ಟು ಬಂದಿದ್ದಾರೆ. ನಾದೊಳ ಭುಜ ಹರಿದಿದೆ. ಒಂದು ಮರಿ ಅವಳ ಬಾಲ ಹಿಡಿದು ಆಡುತ್ತಿತ್ತು. ಅವಳು ಬಾಲ ಬಿಟ್ಟುಕೊಟ್ಟು ಹೊಸ ಗಂಡುಗಳಿದ್ದ ದಿಕ್ಕಿಗೇ ಮುಖ ಮಾಡಿ ಕೂತಿದ್ದಳು.

"ಎರಡು" ಅಂದ ಮೆಪುಕೊರಿ.

"ಎರಡು" ಅಂದೆ.

ವಾಪಸ್ ಬರುವಾಗ ಹೊಳೆಯ ದಾಟಿನಲ್ಲಿ, "ನಿನ್ನ ಮೇಕೆ?" ಎಂದು ಕೇಳಿದೆ.

"ಅದು ಮನೇಲೇ ಇರಬೇಕು" ಅಂದ.

ಕಾಲಿನಲ್ಲಿ ಬೊಬ್ಬೆ ಬಂದಿದೆ. ಊಟ ಪೂರ್ತಿ ಮಾಡಿದೆ. ನಡೆದರೆ ಹಸಿವಾಗುತ್ತದೆ.

ಸೆಪ್ಟೆಂಬರ್ 13

ಕಂದು ಹೆಣ್ಣುಕರುವನ್ನು ಮೆಪುಕೊರಿಯ ಹಟ್ಟಿಯಲ್ಲಿ ಬಿಟ್ಟು ಬಂದೆ. ರೆಸಿಯಾತೊ ಕೇಳಿದಳು. ನಮ್ಮಲ್ಲಿ ಮೇವಿಲ್ಲ ಅಂದೆ.

"ಅವರಲ್ಲೂ ಇಲ್ಲ" ಅಂದಳು.

ಬೇರೆ ಏನೂ ಕೇಳದೆ ಎರಡನೆಯ ಹಾಲಿನ ಬುರುಡೆಯ ಒಳಗನ್ನು ಕೆಂಡ ಹತ್ತಿದ ಕಡ್ಡಿಯಿಂದ ತಿಕ್ಕಿ ತೊಳೆದಿಟ್ಟಳು. ನಮಗೆ ಒಂದೇ ಸಾಕಾಗುತ್ತಿತ್ತು. ಈ ಹೆಂಗಸಿಗೆ ಕೆಲಸ ಹುಡುಕಿಕೊಳ್ಳುವ ಚಟ.

ಸೆಪ್ಟೆಂಬರ್ 14

ಕಿಲೊಂಜೊ ಫೋನ್ ಮಾಡಿ, ಹೊಸ ಹುಡುಗನನ್ನು ಕಳಿಸುತ್ತೇನೆ ಅಂದ. ಬೇಡ, ಜನ ಇದ್ದಾರೆ ಅಂದೆ.

"ಯಾರು? ಸಂಬಳ ಯಾರು ಕೊಡ್ತಾರೆ?"

"ಅವನು ಮೇಕೆ ಹುಡುಕೋಕೆ ಬರ್ತಾನೆ."

ಕಿಲೊಂಜೊ, "ಇದನ್ನ ನಾನು ಕೇಳಿಸ್ಕೊಂಡಿಲ್ಲ" ಅಂದು ಇಟ್ಟ.

ಸೆಪ್ಟೆಂಬರ್ 22

ಲೆಂಗಾಯ್ ಬದುಕಿದ್ದಾನೆ. ಪಶ್ಚಿಮದ ಕಲ್ಲುಗಾಡಿನಲ್ಲಿ, ಹಟ್ಟಿಗಳೂ ಹಿಂಡುಗಳೂ ಇಲ್ಲದ ಕಡೆ. ಹಿಂಗಾಲು ಎಳೆಯುತ್ತಾನೆ. ಕಾಡುಹಂದಿ ಹಿಡಿದು ತಿಂದ ಗುರುತಿತ್ತು. ಹಂದಿಯಾದರೂ ಸಿಗುತ್ತಿದೆ.

ಅಕ್ಟೋಬರ್ 9

ಮೋಡ ಕಟ್ಟುತ್ತಿದೆ, ಬೀಳುತ್ತಿಲ್ಲ. ದನಗಳು ಮೂಗು ಮೇಲೆತ್ತಿ ನಿಲ್ಲುತ್ತವೆ. ನಾದೊಳ ಎರಡು ಮರಿ ಇವತ್ತೂ ಕಂಡವು. ಹೊಸ ಗಂಡುಗಳು ಅಷ್ಟು ದೂರ ಇನ್ನೂ ಹೋಗಿಲ್ಲ. ಮುಂದೆ ಹೋಗಲೂಬಹುದು. ಒಂದು ದಿನಕ್ಕೆ ಒಂದು ದಿನ.

ಅಕ್ಟೋಬರ್ 17

ಬೆಳಗಿನ ಜಾವ ಲೆಂಗಾಯ್ ಪಶ್ಚಿಮದಿಂದ ಕೂಗಿದ. ತಿಂಗಳುಗಟ್ಟಲೆ ಆದ ಮೇಲೆ ಪೂರ್ತಿ ಕೂಗು. ಎದ್ದು ಹೊರಗೆ ನಿಂತು ಕೇಳಿದೆ. ಈಗ ನಡುವೆ ಜಾಗ ಬಿಡುವುದಿಲ್ಲ. ಒಂದರ ಹಿಂದೆ ಒಂದು, ಒಂದೇ ಉಸಿರಿನಲ್ಲಿ, ಕೊನೆಯವರೆಗೂ ತಾನೇ ಕೂಗಿ ಮುಗಿಸಿದ. ಕಲಿತುಬಿಟ್ಟಿದ್ದಾನೆ.

ಈಗ ಹೊಳೆಯ ದಾಟಿನಲ್ಲಿ ಕೂತು ಬರೆಯುತ್ತಿದ್ದೇನೆ. ಲೆಂಗಾಯ್‌ನ ಕೂಗಿನ ವಿಷಯ ಪಾಶೆಗೆ ಹೇಳಬೇಕು. ಕೇಳಿರುತ್ತಾನೆ, ಆದರೂ ಹೇಳಬೇಕು. ಬಿಸಿಲೇರಿತು. ಇಷ್ಟು ತಡ ಮಾಡುವವನಲ್ಲ, ಆ ಕರು ಏನಾದರೂ ಬೇಲಿ ಮುರಿದಿರಬಹುದು. ಹೊಟ್ಟೆ ಚುರುಗುಡುತ್ತಿದೆ. ಬುರುಡೆ ಪಕ್ಕದಲ್ಲಿದೆ. ಮುಚ್ಚಳ ತೆಗೆದಿಲ್ಲ.